ಪಿಕಾಸೊ ಅವರ ಕೋಣೆಯೊಳಗೆ ಹೋಗಿ ನೋಡಬಹುದು ಅನ್ನೋದು ನಿಜವಲ್ಲ

ಪ್ಯಾರಿಸ್‌ಗೆ ಹೊರಟವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಮೊಂಮಾರ್ತ್ರ ಗುಡ್ಡದಲ್ಲಿ ಪಿಕಾಸೊ ಇದ್ದ 'ಬಾತೊ ಲವಾರ್' ಕಟ್ಟಡ ಹಾಗೇ ಉಳಿದಿದೆ, ಟಿಕೆಟ್ ತಗೊಂಡು ಅವರ ಕೋಣೆ ನೋಡಬಹುದು ಅಂತ. ಇದು ತಪ್ಪು.

ಪಿಕಾಸೊ 1904ರಿಂದ 1909ರವರೆಗೆ ಅಲ್ಲಿ ವಾಸವಿದ್ದರು. 'ಅವಿನ್ಯೊನ ಹುಡುಗಿಯರು' ಚಿತ್ರವನ್ನು 1907ರಲ್ಲಿ ಬರೆದದ್ದೂ ಅಲ್ಲೇ. ಅದೊಂದು ಲಡಕಾಸಿ ಮರದ ಕಟ್ಟಡ. ಇಡೀ ಕಟ್ಟಡಕ್ಕೆ ಇದ್ದದ್ದು ಒಂದೇ ಒಂದು ನಲ್ಲಿ! ಆದರೆ 1970ರ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ಉಳಿದದ್ದು ಮುಂಭಾಗ ಮಾತ್ರ. 1978ರಲ್ಲಿ ಹಿಂದಿನ ಭಾಗವನ್ನು ಕಾಂಕ್ರೀಟಿನಲ್ಲಿ ಕಟ್ಟಿದರು. ಈಗಲೂ ಕಲಾವಿದರು ಒಳಗೆ ಕೆಲಸ ಮಾಡುತ್ತಾರೆ, ಹಾಗಾಗಿ ಪ್ರವಾಸಿಗರಿಗೆ ಪ್ರವೇಶವಿಲ್ಲ. ಬೀದಿ ಕಡೆಯ ಗಾಜಿನ ಕಿಟಕಿಯಲ್ಲಿ ಹಳೆಯ ಫೋಟೋಗಳಿವೆ. ಅವನ್ನು ನಿಂತು ನೋಡಬಹುದು, ದುಡ್ಡು ಕೊಡಬೇಕಿಲ್ಲ.

ವ್ಯಾನ್ ಗೋ ತಮ್ಮನ ಜೊತೆ ಇದ್ದ ಲಪಿಕ್ ಬೀದಿಯ 54ನೇ ನಂಬರಿನ ಮನೆಯೂ ಅಷ್ಟೇ. ಅಲ್ಲಿ ಜನ ವಾಸವಿದ್ದಾರೆ. ಗೋಡೆಯ ಫಲಕ ನೋಡಿ ಮುಂದೆ ಹೋಗಿ, ದಯವಿಟ್ಟು ಬೆಲ್ ಒತ್ತಬೇಡಿ.

ಕಲಾವಿದರ ಕೋಣೆಯೊಳಗೆ ಕಾಲಿಡಲೇಬೇಕು ಅನ್ನೋರು ಕೊರ್ತೊ ಬೀದಿಯ ಮೊಂಮಾರ್ತ್ರ ಮ್ಯೂಸಿಯಂಗೆ ಹೋಗಿ. ಟಿಕೆಟ್ ಇರೋದು ಇಲ್ಲಿಗೆ. ಸುಜಾನ್ ವಲಾದೊನ್ ಚಿತ್ರ ಬರೆಯುತ್ತಿದ್ದ ಕೋಣೆಯನ್ನು ಮೊದಲಿದ್ದ ಹಾಗೆಯೇ ಮತ್ತೆ ಜೋಡಿಸಿಟ್ಟಿದ್ದಾರೆ. ಆಕೆ ಮೊದಲು ಬೇರೆ ಚಿತ್ರಕಾರರಿಗೆ ಮಾಡೆಲ್ ಆಗಿದ್ದವರು, ಆಮೇಲೆ ತಾವೇ ಕುಂಚ ಹಿಡಿದರು. ಪಿಕಾಸೊ ಹೆಸರಿನ ಗದ್ದಲದಲ್ಲಿ ಆಕೆಯನ್ನು ಮರೆಯೋದು ಅನ್ಯಾಯ ಅಲ್ವಾ?