ಕೆಂಪು ಬಾವುಟ ಯಾರ ಕೈಗೆ?

ರಸ್ತೆಯಲ್ಲಿ ಯಾರಾದರೂ ಸತ್ತರೆ ಮೊದಲು ಸಿಕ್ಕಿಬೀಳುವ ಆರೋಪಿ ಜವರಾಯ. ‘ಜವರಾಯನಂತೆ ಎರಗಿದ ಲಾರಿ’ ಎಂದು ವರದಿಯಾಗುತ್ತದೆ. ಮರುದಿನ ಸಹ ಆರೋಪಿಯಾಗಿ ವಿಧಿಯ ಹೆಸರೂ ಸೇರುತ್ತದೆ. ಇಬ್ಬರಿಗೂ ಕಾಯಂ ವಿಳಾಸವಿಲ್ಲ. ನೋಟಿಸು ಜಾರಿ ಮಾಡುವಂತಿಲ್ಲ, ಪರವಾನಗಿ ರದ್ದು ಮಾಡೋಣವೆಂದರೆ ಅದನ್ನು ಪಡೆದೇ ಇಲ್ಲ. ಇಷ್ಟು ಅನುಕೂಲಕರ ಆರೋಪಿಗಳು ಬೇರೆ ಯಾವ ಇಲಾಖೆಗೂ ಸಿಕ್ಕಿರಲಾರರು.

ಅವರನ್ನು ಬಿಟ್ಟು ಭೂಮಿಯ ಮೇಲಿರುವವರನ್ನು ವಿಚಾರಿಸಿ ನೋಡಿ. ‘ರಸ್ತೆ ಅಷ್ಟು ಚೆನ್ನಾಗಿತ್ತು ಸ್ವಾಮಿ, ಕಾಲು ತಾನಾಗಿ ಒತ್ತಿತು’ ಎನ್ನುತ್ತಾನೆ ಚಾಲಕ. ‘ನಾವು ಫಲಕ ನೆಟ್ಟಿದ್ದೆವಲ್ಲ, ಓದಬೇಡವೇ?’ ಎನ್ನುತ್ತಾರೆ ರಸ್ತೆ ಮಾಡಿದವರು. ಫಲಕದ ಮೇಲೆ ಆ ಅಂಕಿ ಹೇಗೆ ಬಂತು ಎಂದರೆ, ‘ಸಮೀಕ್ಷೆ ಮಾಡಿ ಹಾಕಿದ್ದು’ ಎಂಬ ಉತ್ತರ. ಸಮೀಕ್ಷೆ ಯಾರದು? ಚಾಲಕರದು. ಹೊರಟಲ್ಲಿಗೇ ಬಂದೆವು.

ಈ ಸಮೀಕ್ಷೆಯ ಮಾತು ನನ್ನ ಕಲ್ಪನೆಯಲ್ಲ. ಅಮೆರಿಕವೂ ಸೇರಿ ಕೆಲವು ದೇಶಗಳಲ್ಲಿ ವೇಗಮಿತಿ ಗೊತ್ತುಮಾಡಲು ದಶಕಗಳಿಂದ ನಡೆದುಬಂದ ಒಂದು ವಿಧಾನವಿದೆ. ದಟ್ಟಣೆಯಿಲ್ಲದ ಹೊತ್ತಿನಲ್ಲಿ ವಾಹನಗಳ ವೇಗ ಅಳೆಯುತ್ತಾರೆ. ನೂರರಲ್ಲಿ 85 ವಾಹನಗಳು ಯಾವ ವೇಗವನ್ನು ದಾಟುವುದಿಲ್ಲವೋ, ಹೆಚ್ಚುಕಡಿಮೆ ಅದನ್ನೇ ಮಿತಿ ಎಂದು ಬರೆಯುತ್ತಾರೆ. ಬಹುಪಾಲು ಚಾಲಕರು ವಿವೇಕಿಗಳು ಎಂಬ ನಂಬಿಕೆ ಇದರ ತಳಹದಿ. ಹೊಸ ಮಿತಿಯಿಂದ ಧೈರ್ಯ ಬಂದು ವಿವೇಕಿಗಳು ಇನ್ನೂ ಜೋರಾಗಿ ಓಡಿಸಿದರೆ? ಮತ್ತೆ ಅಳೆಯಬಹುದು. ಈ ಸೂತ್ರವನ್ನು ರಸ್ತೆಗಷ್ಟೇ ಮೀಸಲಿಟ್ಟಿರುವುದು ದೊಡ್ಡ ಅನ್ಯಾಯ. ಕಚೇರಿಗಳಲ್ಲಿ ನೂರಕ್ಕೆ 85 ಮಂದಿ ಎಷ್ಟರವರೆಗೆ ಕೈಚಾಚುತ್ತಾರೆಂದು ಅಳೆದು, ಅಲ್ಲಿಗೆ ‘ಲಂಚಮಿತಿ’ ಎಂದೊಂದು ಬೋರ್ಡು ತಗುಲಿಸಿದರೆ, ಭ್ರಷ್ಟರ ಸಂಖ್ಯೆ ಸಂಜೆಯೊಳಗೆ 15ಕ್ಕೆ ಇಳಿಯುತ್ತದೆ.

ಆ ಸಮೀಕ್ಷೆಯಲ್ಲಿ ರಸ್ತೆ ದಾಟುವವರಿಗೆ ಮತವಿಲ್ಲ. ಅವರ ವೇಗ ಅಳೆಯುವ ಯೋಗ್ಯತೆಯದಲ್ಲ. ಭೌತಶಾಸ್ತ್ರಕ್ಕೂ ಮತವಿಲ್ಲ. ವೇಗ ಎರಡರಷ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕರಷ್ಟಾಗುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಬರೆದು ಅಂಕ ತೆಗೆದುಕೊಂಡಿದ್ದೇವೆ. ಆದರೆ ಪರೀಕ್ಷೆ ಮುಗಿದ ಮೇಲೆ ಪಠ್ಯವನ್ನು ನೆನಪಿಟ್ಟುಕೊಳ್ಳುವುದು ಸಂಪ್ರದಾಯವಲ್ಲ.

ವಾಹನ ತಯಾರಕರನ್ನು ಕೇಳುವಂತೆಯೇ ಇಲ್ಲ. ಅವರು ಮಾರುವುದು ಸಾಮರ್ಥ್ಯವನ್ನು, ಬಳಸಿ ಎಂದು ಯಾವತ್ತೂ ಹೇಳಿಲ್ಲ. ಸ್ಪೀಡೋಮೀಟರಿನಲ್ಲಿ 240ರವರೆಗೆ ಅಂಕಿಗಳಿರುವುದು ಬಹುಶಃ ಎಣಿಕೆ ಮರೆಯದಿರಲಿ ಎಂದು. ಜಾಹೀರಾತಿನ ಕಾರು ಬೆಟ್ಟದ ತಿರುವುಗಳಲ್ಲಿ ಧೂಳೆಬ್ಬಿಸಿ ಹಾರುತ್ತದೆ. ಕೆಳಗೆ ಇರುವೆಸಾಲಿನಷ್ಟು ಸಣ್ಣ ಅಕ್ಷರದಲ್ಲಿ ‘ನುರಿತ ಚಾಲಕರಿಂದ ಚಿತ್ರೀಕರಿಸಲಾಗಿದೆ, ಅನುಕರಿಸಬೇಡಿ’ ಎಂದಿರುತ್ತದೆ. ಕೋಟಿಗಟ್ಟಲೆ ಸುರಿದು ಆಸೆ ಹುಟ್ಟಿಸಿ, ಒಂದು ಸಾಲಿನಲ್ಲಿ ಕೈತೊಳೆದುಕೊಳ್ಳುವ ಈ ವಿದ್ಯೆ ಸಾಮಾನ್ಯರಿಗೆ ಒಲಿಯುವಂಥದ್ದಲ್ಲ.

ಮೊದಲು ಹೀಗಿರಲಿಲ್ಲ. 1865ರಲ್ಲಿ ಬ್ರಿಟನ್ನಿನಲ್ಲೊಂದು ಕಾನೂನು ಬಂತು. ಕುದುರೆಯಿಲ್ಲದೆ ತಾನೇ ಚಲಿಸುವ ಗಾಡಿ ಊರೊಳಗೆ ಗಂಟೆಗೆ 2 ಮೈಲಿ, ಊರಾಚೆ 4 ಮೈಲಿ ಮೀರಬಾರದು. ಜೊತೆಗೆ ಕನಿಷ್ಠ ಮೂವರು ಆಳು. ಅವರಲ್ಲೊಬ್ಬ 60 ಗಜ ಮುಂದೆ ಕೆಂಪು ಬಾವುಟ ಹಿಡಿದು ನಡೆಯಬೇಕು. ಸ್ವಲ್ಪ ಅತಿಯಾಯಿತು, ಒಪ್ಪೋಣ. ಗಾಡಿಗಿಂತ ಬಾವುಟದವನೇ ಬೇಗ ಊರು ಮುಟ್ಟಬಹುದಿತ್ತು. ಆದರೆ ಹೊಣೆ ಯಾರದೆಂಬ ಗೊಂದಲ ಆ ಕಾಲದವರಿಗೆ ಇರಲಿಲ್ಲ. ಭಾರದ ಯಂತ್ರವನ್ನು ಬೀದಿಗೆ ತಂದವನು ಬಾವುಟವನ್ನೂ ತರಬೇಕು, ಅಷ್ಟೇ.

1896ರ ಆಗಸ್ಟಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಬಳಿ ಬ್ರಿಜೆಟ್ ಡ್ರಿಸ್ಕಾಲ್ ಎಂಬಾಕೆ ಮೋಟಾರು ಕಾರಿಗೆ ಸಿಕ್ಕಿ ಸತ್ತರು. ಆ ದೇಶದಲ್ಲಿ ಹಾಗೆ ಸತ್ತ ಮೊದಲ ಪಾದಚಾರಿ ಆಕೆ. ವಿಚಾರಣೆ ನಡೆಸಿದ ಜ್ಯೂರಿ ‘ಆಕಸ್ಮಿಕ ಸಾವು’ ಎಂದಿತು. ಅದೇ ನವೆಂಬರಿನಲ್ಲಿ ಗಂಟೆಗೆ 14 ಮೈಲಿಯವರೆಗೆ ಅವಕಾಶ ಕೊಡುವ ಕಾನೂನು ಜಾರಿಗೆ ಬಂತು. ಮುಂದಿನ ಶತಮಾನದ ಕಡತಗಳಿಗೆಲ್ಲ ಒಂದು ಮಾದರಿ ನಮೂನೆ ಸಿದ್ಧವಾಯಿತು.

ಇಷ್ಟಾದರೂ ಜನ ಒಮ್ಮೆ ತಿರುಗಿಬಿದ್ದಿದ್ದರು. 1923ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದ 42 ಸಾವಿರ ಮಂದಿ ಒಂದು ಅರ್ಜಿಗೆ ಸಹಿ ಹಾಕಿದರು. ನಗರದ ಕಾರುಗಳು ಗಂಟೆಗೆ 25 ಮೈಲಿಗಿಂತ ವೇಗವಾಗಿ ಓಡಲಾಗದಂತೆ ಎಂಜಿನ್ನಿಗೇ ನಿಯಂತ್ರಕ ಜೋಡಿಸಬೇಕು ಎಂಬುದು ಬೇಡಿಕೆ. ಕಾರು ಮಾರಾಟಗಾರರು ಬೆಚ್ಚಿಬಿದ್ದರು, ಭರ್ಜರಿ ಪ್ರಚಾರ ನಡೆಸಿದರು. ಮತದಾನದಲ್ಲಿ ಬೇಡಿಕೆ ನೆಲಕಚ್ಚಿತು. ಆ ಹೆದರಿಕೆ ಉದ್ಯಮಕ್ಕೊಂದು ಪಾಠ ಕಲಿಸಿತು: ಕಾರಿನ ವೇಗದ ಬಗ್ಗೆ ಜನ ಮಾತಾಡದಿರಬೇಕಾದರೆ ನಡೆಯುವವರ ನಡತೆಯ ಬಗ್ಗೆ ಮಾತಾಡಿಸಬೇಕು. ಕೆಲವೇ ವರ್ಷಗಳಲ್ಲಿ, ಸಾವಿರಾರು ವರ್ಷ ಎಲ್ಲರದೂ ಆಗಿದ್ದ ಬೀದಿಯನ್ನು ಕಂಡಲ್ಲಿ ದಾಟುವುದು ಅಪರಾಧವಾಯಿತು. ಹಾಗೆ ದಾಟುವವನಿಗೆ ಹಳ್ಳಿಗಮಾರ ಎಂಬ ಅರ್ಥದ ಬಿರುದೂ ಸಿಕ್ಕಿತು.

ಅಂದಿನಿಂದ ಪಾದಚಾರಿಯ ಶಿಕ್ಷಣ ನಿಂತಿಲ್ಲ. ಎದ್ದುಕಾಣುವ ಬಣ್ಣದ ಬಟ್ಟೆ ತೊಡಬೇಕು. ಇರುಳಲ್ಲಿ ಹೊಳೆಯಬೇಕು. ಫೋನು ನೋಡಬಾರದು, ಕಿವಿಗೇನೂ ಸಿಕ್ಕಿಸಿಕೊಳ್ಳಬಾರದು. ಎದುರು ಬರುವ ಚಾಲಕನ ಕಣ್ಣಲ್ಲಿ ಕಣ್ಣಿಡಬೇಕು. ಗಾಜು ಕಪ್ಪಗಿದ್ದರೆ ಊಹಿಸಿಕೊಳ್ಳಬೇಕು. ಮಂಡಿನೋವಿನ ಎಪ್ಪತ್ತರ ಅಜ್ಜಿ ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಇಳಿಯಬೇಕು, ಏಕೆಂದರೆ ಬಲಗಾಲನ್ನು ಒಂದಂಗುಲ ಸರಿಸಿ ಬ್ರೇಕು ಒತ್ತುವುದು ಇನ್ನೊಬ್ಬರಿಗೆ ತೀರಾ ಶ್ರಮದ ಕೆಲಸ. ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ, ಅರ್ಧಕ್ಕಿಂತ ಹೆಚ್ಚಿನವರು ನಡೆಯುವವರು, ಸೈಕಲ್ಲಿನವರು, ಬೈಕಿನವರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟು ಪಾಠ ಹೇಳಿಸಿಕೊಂಡೂ ಇಷ್ಟು ಕಳಪೆ ಫಲಿತಾಂಶ ತೋರಿದ ವಿದ್ಯಾರ್ಥಿಗಳು ಇನ್ನೆಲ್ಲೂ ಇಲ್ಲ.

ಸಿನ್ಸಿನಾಟಿಯ ಬೇಡಿಕೆಗೆ ನೂರು ವರ್ಷ ತುಂಬಿದ ಮೇಲೆ ಯುರೋಪಿಗೆ ಜ್ಞಾನೋದಯವಾಯಿತು. 2024ರ ಜುಲೈನಿಂದ ಅಲ್ಲಿ ಮಾರುವ ಎಲ್ಲ ಹೊಸ ಕಾರುಗಳಲ್ಲೂ ವೇಗಮಿತಿ ಗುರುತಿಸಿ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ. ಎಚ್ಚರಿಕೆ ಕಿರಿಕಿರಿಯಾದರೆ ಅದನ್ನು ಆಫ್ ಮಾಡಿಕೊಳ್ಳಬಹುದು ಎಂಬುದೂ ನಿಯಮದಲ್ಲೇ ಇದೆ. ವೇಲ್ಸ್ ಸರ್ಕಾರ 2023ರಲ್ಲಿ ಜನವಸತಿಯ ಬೀದಿಗಳ ಮಿತಿಯನ್ನು 30 ಮೈಲಿಯಿಂದ 20ಕ್ಕೆ ಇಳಿಸಿದಾಗ, ಅದನ್ನು ರದ್ದು ಮಾಡಿ ಎಂಬ ಅರ್ಜಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ನಿಧಾನ ಬೇಕೆಂದು 42 ಸಾವಿರ, ಬೇಡವೆಂದು ನಾಲ್ಕು ಲಕ್ಷ. ನಾಗರಿಕತೆ ಮುಂದುವರಿದಿಲ್ಲ ಎಂದವರು ಯಾರು?

ಈ ನಡುವೆ ಸ್ವೀಡನ್ ಒಂದು ಅಸಭ್ಯ ಕೆಲಸ ಮಾಡಿತು. ರಸ್ತೆ ಬಳಸುವವರು ಮನುಷ್ಯರು, ತಪ್ಪು ಮಾಡಿಯೇ ಮಾಡುತ್ತಾರೆ. ಆ ತಪ್ಪಿಗೆ ಪ್ರಾಣ ಹೋಗದಂತೆ ನೋಡಿಕೊಳ್ಳುವ ಅಂತಿಮ ಹೊಣೆ ವ್ಯವಸ್ಥೆ ಕಟ್ಟಿದವರದು ಎಂದು 1997ರಲ್ಲಿ ಅಲ್ಲಿನ ಸಂಸತ್ತೇ ಒಪ್ಪಿತು. ಅಧಿಕಾರದಲ್ಲಿರುವವರು ಬಹಿರಂಗವಾಗಿ ‘ಹೊಣೆ ನಮ್ಮದು’ ಎನ್ನುವುದೆಂದರೇನು! ಈ ಸೋಂಕು ಪಕ್ಕದ ಫಿನ್ಲೆಂಡಿಗೂ ತಗುಲಿದಂತಿದೆ. ಹೆಲ್ಸಿಂಕಿಯ ಅರ್ಧಕ್ಕಿಂತ ಹೆಚ್ಚು ಬೀದಿಗಳಲ್ಲಿ ಮಿತಿ 30 ಕಿ.ಮೀ. 2025ರ ಜುಲೈ ವೇಳೆಗೆ ಆ ನಗರದಲ್ಲಿ ಪೂರ್ತಿ ಒಂದು ವರ್ಷ ರಸ್ತೆ ಅಪಘಾತದಲ್ಲಿ ಒಬ್ಬರೂ ಸತ್ತಿರಲಿಲ್ಲ. ಅಲ್ಲಿನ ಸುರಕ್ಷತಾ ಭಾಷಣಕಾರರ ಹೊಟ್ಟೆಪಾಡು ನೆನೆದರೆ ಕರುಳು ಚುರುಕ್ಕೆನ್ನುತ್ತದೆ.

ಹಾಗೆಲ್ಲ ರಸ್ತೆಯನ್ನೇ ಕಿರಿದು ಮಾಡಿ, ಕಾರನ್ನೇ ತಡೆಯುವ ದುಂದುವೆಚ್ಚ ಬೇಡವೆನ್ನುವವರಿಗೆ ಅಮೆರಿಕದ ಸಾಲ್ಟ್ ಲೇಕ್ ಸಿಟಿ ಅಗ್ಗದ ದಾರಿ ತೋರಿಸಿದೆ. 2000ದಿಂದೀಚೆಗೆ ಅಲ್ಲಿನ ಕೆಲವು ದಾಟುದಾರಿಗಳ ಎರಡೂ ಬದಿ ಕಿತ್ತಳೆ ಬಣ್ಣದ ಬಾವುಟಗಳನ್ನು ಇಡುತ್ತ ಬಂದಿದ್ದಾರೆ. ದಾಟುವವರು ಒಂದನ್ನು ಕೈಗೆತ್ತಿಕೊಂಡು, ಎತ್ತಿ ಹಿಡಿದು ರಸ್ತೆಗಿಳಿಯಬೇಕು. 1865ರಲ್ಲಿ ಯಂತ್ರದ ಮುಂದೆ ಹೊರಟಿದ್ದ ಬಾವುಟ 135 ವರ್ಷ ನಡೆದು ಕೊನೆಗೂ ಸರಿಯಾದ ಕೈ ಸೇರಿತು. ಬಣ್ಣ ತುಸು ಮಾಸಿದೆ ಅಷ್ಟೆ. ದಾಟಿ ಮುಗಿಸಿದವರು ಬಾವುಟವನ್ನು ಆಚೆ ಬದಿಯಲ್ಲಿ ಮರಳಿ ಇಡಬೇಕೆಂಬುದು ಕ್ರಮ. ದಾಟಿ ಮುಗಿಸಲಾಗದವರ ಬಾವುಟವನ್ನು ಹೆಕ್ಕಿ ತಂದಿಡುವ ಹೊಣೆ ಯಾರದು ಎಂಬ ಬಗ್ಗೆ ಒಂದು ಸಮೀಕ್ಷೆ ಆಗಬೇಕು.