ಕೆರೆಗೆ ಪುಡಿ ಸುರಿದರೆ ಆಗೋ ಕೆಲಸ ಅಲ್ಲ ಇದು

ಊರಿನ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂದಿತ್ತು. ನೀಲಿ ನೀರಿಗೆ ಬಿಳಿ ಪುಡಿ ಹಾಕಿ ಬಿಸಿಲಿಗಿಟ್ಟರೆ ಬಣ್ಣವೇ ಮಾಯ. 'ನಮ್ಮ ಕೆರೆಗೂ ಇದನ್ನೇ ಸುರಿದ್ರೆ ಆಯ್ತಲ್ಲ' ಅಂತ ಕೆಳಗೆ ನಾಲ್ಕು ಜನ ಬರೆದಿದ್ದರು. ಕೋಲಾರದವರಿಗೆ ಹಾಗನ್ನಿಸುವುದು ಸಹಜ ಬಿಡಿ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಚರಂಡಿ ನೀರು ಶುದ್ಧವಾಗಿ ನಮ್ಮ ಕೆರೆಗಳಿಗೆ ಬಂತು ಅಂತ ಖುಷಿಪಡುವಷ್ಟರಲ್ಲೇ ನೊರೆ ನೋಡಿದವರು ನಾವು.

ವಿಡಿಯೋ ಸುಳ್ಳಲ್ಲ. ಅಕ್ಕನ ಮಗಳು ಬಿ.ಎಸ್ಸಿ. ಪ್ರಾಜೆಕ್ಟಿಗೆ ಇದನ್ನೇ ನಮ್ಮ ತಾರಸಿ ಮೇಲೆ ಮಾಡಿದ್ದಳು. ಒಂದು ಲೋಟದಲ್ಲಿ ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣ ಕಲಸಿದ ನಲ್ಲಿ ನೀರು, ಇನ್ನೊಂದರಲ್ಲಿ ಅದೇ ಬಣ್ಣ ಕಲಸಿದ ಕೆರೆಯ ಹಸಿರು ನೀರು. ಎರಡಕ್ಕೂ ಚಿಟಿಕೆ ಟೈಟಾನಿಯಂ ಡೈಆಕ್ಸೈಡ್ ಅನ್ನೋ ಬಿಳಿ ಪುಡಿ. ಊಟದ ಹೊತ್ತಿಗೆ ಮೊದಲನೆಯದರ ನೀಲಿ ಹೋಗಿತ್ತು. ಆದರೆ ತಿಳಿನೀರಲ್ಲ, ನೀರು ಮಜ್ಜಿಗೆ! ಬಟ್ಟೆಯಲ್ಲಿ ಸೋಸಿದರೂ ಪುಡಿ ಜೊತೆಗೇ ಇಳಿದು ಬಂತು. ಕೆರೆ ನೀರಿನ ಲೋಟ ಸಂಜೆಯಾದರೂ ಹಾಗೇ ಇತ್ತು. "ಬೆಳಕೇ ಒಳಗೆ ಹೋಗ್ತಿಲ್ಲ ಮಾಮ, ಪುಡಿ ಏನ್ ಮಾಡುತ್ತೆ ಹೇಳಿ" ಅಂದಳು.

ಈ ಪುಡಿ ಒಂದು ಅರೆವಾಹಕ, ಅಂದರೆ ವಿದ್ಯುತ್ತನ್ನು ಅರೆಬರೆ ಹರಿಯಬಿಡುವ ವಸ್ತು. ಗೋಡೆಯ ಪೇಂಟಿಗೆ ಬಿಳುಪು ಬರುವುದೂ ಇದರಿಂದಲೇ. ಬೆಳಕು ಬಿದ್ದರೆ ಇದರೊಳಗಿನ ಎಲೆಕ್ಟ್ರಾನ್ ಎದ್ದು ಹೋಗುತ್ತದೆ. ಖಾಲಿಯಾದ ಜಾಗ ನೀರಿನಿಂದ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿಸುತ್ತದೆ. ಈ ಕಣ ಮಹಾ ಮುಂಗೋಪಿ, ಬಣ್ಣವೋ ಔಷಧಿಯೋ ಎದುರು ಸಿಕ್ಕಿದ್ದನ್ನು ಒಡೆದು ಹಾಕುತ್ತದೆ. 1972ರಲ್ಲೇ ಜಪಾನಿನ ಫುಜಿಶಿಮಾ, ಹೋಂಡಾ ಇದೇ ವಸ್ತುವಿಗೆ ಬೆಳಕು ಬಿಟ್ಟು ನೀರನ್ನೇ ಒಡೆದು ತೋರಿಸಿದ್ದರು. ತೊಡಕು ಏನೆಂದರೆ, ಇದಕ್ಕೆ ಬೇಕಾಗಿರುವುದು ಅಲ್ಟ್ರಾವಯೊಲೆಟ್, ಅಂದರೆ ಕಣ್ಣಿಗೆ ಕಾಣದ ನೇರಳಾತೀತ ಬೆಳಕು. ನಮ್ಮ ಬಿಸಿಲಲ್ಲಿ ಅದು ನೂರಕ್ಕೆ ನಾಲ್ಕೈದು ಪಾಲು ಅಷ್ಟೇ. ಕಣ್ಣಿಗೆ ಕಾಣುವ ಮಾಮೂಲಿ ಬೆಳಕಲ್ಲೂ ದುಡಿಯುವ ಬಿಸ್ಮತ್ ವೆನಡೇಟ್ ಥರದ ಬೇರೆ ಪುಡಿಗಳ ಹಿಂದೆ ಸಂಶೋಧಕರು ಬಿದ್ದಿರುವುದು ಅದಕ್ಕೇ.

ನನ್ನ ಮಾತಿಷ್ಟೇ. ಇದು ಕೆರೆಯ ಮದ್ದಲ್ಲ, ಚರಂಡಿ ನೀರಿನ ಶುದ್ಧೀಕರಣ ಘಟಕದ ಕೊನೇ ಹಂತದ ಕೆಲಸ. ಕೆ.ಸಿ. ವ್ಯಾಲಿಯದರ ಹಾಗೆ ಶುದ್ಧೀಕರಣದ ಎರಡು ಹಂತ ಮುಗಿಸಿದ ನೀರಲ್ಲೂ ಔಷಧಿಯ ಚೂರುಪಾರು ಉಳಿಯುತ್ತದೆ. ಗಾಜಿನ ಹಲಗೆಗೆ ಈ ಪುಡಿಯನ್ನು ಅಂಟಿಸಿ, ಮೇಲೆ ನೀರನ್ನು ತೆಳ್ಳಗೆ ಹರಿಸಬೇಕು. ಆಗ ಸೋಸುವ ರಗಳೆಯೂ ಇಲ್ಲ. ಮೂರನೇ ಹಂತ ಬೇಕು ಅಂತ ನಮ್ಮ ರೈತರು ಕೇಳುತ್ತಲೇ ಇದ್ದಾರೆ. ಅದರೊಳಗೆ ಇದನ್ನೂ ಸಣ್ಣದಾಗಿ ಮಾಡಿ ನೋಡಲಿ.

ಇನ್ನು ಬೋರ್‌ವೆಲ್ಲಿನ ಫ್ಲೋರೈಡ್ ಇದರಿಂದ ಹೋಗುತ್ತಾ ಅಂತ ಕೇಳಿದವರಿಗೆ: ಹೋಗಲ್ಲ. ಅದು ಆಗಲೇ ಒಂಟಿ ಅಯಾನು, ಅಂದರೆ ವಿದ್ಯುದಾವೇಶ ಹೊತ್ತ ಒಂದೇ ಪರಮಾಣು, ಒಡೆಯುವುದಕ್ಕೆ ಅದರಲ್ಲಿ ಏನೂ ಇಲ್ಲ.

ಅಂದಹಾಗೆ, ಆ ಮಜ್ಜಿಗೆ ಲೋಟ ಎರಡು ದಿನ ತಾರಸಿಯಲ್ಲೇ ಇತ್ತು. ಮೂರನೇ ದಿನ ಅಕ್ಕ ಅದನ್ನು ಕೈಯಲ್ಲಿ ಹಿಡಿದು ಕೆಳಗೆ ಬಂದಳು. "ಇದನ್ನ ಎಲ್ಲಿ ಚೆಲ್ಲಲೋ?"