ಬೆಂಗಳೂರಿನಿಂದ ಮಂಗಳೂರಿಗೆ ನಿಜವಾಗಿ ಎಷ್ಟು ಗಂಟೆ?

ಕಳೆದ ಮಳೆಗಾಲದ ಒಂದು ಬೆಳಗ್ಗೆ ಊರಿನಿಂದ ತಮ್ಮನ ಫೋನ್. ಅಮ್ಮ ಅಂಗಳದ ಪಾಚಿಯಲ್ಲಿ ಜಾರಿ ಕೈ ಮುರಿದುಕೊಂಡಿದ್ದರು. "ಫ್ಲೈಟಲ್ಲಿ ಬಾ ಅಕ್ಕ, ಒಂದೇ ಗಂಟೆ ಅಲ್ವಾ" ಅಂದ. ನನಗೂ ಹಾಗೇ ಅನ್ನಿಸಿತು.

ಬನಶಂಕರಿಯ ಮನೆಯಿಂದ ಹತ್ತು ಗಂಟೆಗೆ ಹೊರಟೆ. ದೇವನಹಳ್ಳಿ ತಲುಪುವಾಗ ಹನ್ನೆರಡು. ಮತ್ತೆ ಚೆಕಿಂಗ್, ಕ್ಯೂ, ಕಾಯುವುದು. ವಿಮಾನ ನೆಲ ಬಿಟ್ಟಾಗ ಎರಡೂವರೆ. ಮೇಲೆ ಹಾರಿದ್ದು ಮುಕ್ಕಾಲು ಗಂಟೆ ಅಷ್ಟೇ. ಎರಡು ಏರ್‌ಪೋರ್ಟ್‌ಗಳ ನಡುವೆ ನೇರ ಗೆರೆ ಎಳೆದರೆ ಇರುವುದೇ ಸುಮಾರು 305 ಕಿ.ಮೀ. ಟಿಕೆಟ್‌ನಲ್ಲಿ ಒಂದು ಗಂಟೆ ಅಂತ ಇರುವುದು, ಗೇಟು ಬಿಟ್ಟು ಇನ್ನೊಂದು ಗೇಟು ಸೇರುವವರೆಗಿನ ಸಮಯ. ಕಿಟಕಿಯಾಚೆ ಬರೀ ಬಿಳಿ ಮೋಡ. ಅದರ ಕೆಳಗೆ ಎಲ್ಲೋ ನಮ್ಮ ಮನೆ ಇತ್ತು.

ನಮ್ಮೂರು ಉಪ್ಪಿನಂಗಡಿ ಹತ್ತಿರ. ಅಂದರೆ ಅಮ್ಮನನ್ನು ದಾಟಿಕೊಂಡು ಮಂಗಳೂರು ಏರ್‌ಪೋರ್ಟ್ ಇರುವ ಬಜ್ಪೆಯ ಗುಡ್ಡದ ಮೇಲೆ ಇಳಿದು, ಅಲ್ಲಿಂದ ಐವತ್ತು ಕಿ.ಮೀ.ಗೂ ಜಾಸ್ತಿ ವಾಪಸ್ ಬರಬೇಕು. ಬಿ.ಸಿ.ರೋಡ್ ದಾಟಿದ ಮೇಲೆ ಎದುರಿಗೆ ಒಂದು ಹಸಿರು ಬೋರ್ಡು, ಅದರಲ್ಲಿ 'ಬೆಂಗಳೂರು' ಅಂತ ಬಾಣದ ಗುರುತು. ಬೆಳಗ್ಗೆ ಬಿಟ್ಟು ಬಂದ ಊರಿನ ಕಡೆಗೇ ಹೋಗುತ್ತಿದ್ದೆ. ಅಳು ಬಂತು. ಅಮ್ಮನ ಮುಖ ನೋಡುವಾಗ ಐದೂವರೆ.

ಏಳೂವರೆ ಗಂಟೆ! ಕಾರಿನಲ್ಲಿ ಸೀದಾ ಹಾಸನ, ಸಕಲೇಶಪುರ, ಗುಂಡ್ಯ, ನೆಲ್ಯಾಡಿ ಅಂತ ಬಂದಿದ್ದರೆ ಹೆಚ್ಚುಕಮ್ಮಿ ಇಷ್ಟೇ ಆಗುತ್ತಿತ್ತು, ಶಿರಾಡಿ ಘಾಟಿ ತೆರೆದಿದ್ದರೆ.

ಆ 'ತೆರೆದಿದ್ದರೆ' ಅನ್ನುವುದೇ ನಮ್ಮ ಕಡೆಯವರ ದೊಡ್ಡ ಚಿಂತೆ. ಮಳೆ ಜೋರಾದರೆ ಶಿರಾಡಿಯಲ್ಲಿ ಗುಡ್ಡ ಜರಿಯುತ್ತದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ-ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ರೈಲೂ ನಿಂತಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್‌ವರೆಗೆ ಹಳಿ ಇರುವುದು 55 ಕಿ.ಮೀ., ಅದರಲ್ಲೇ 57 ಸುರಂಗ. ಐವತ್ತು ಅಡಿಗೆ ಒಂದು ಅಡಿ ಏರು. ಅಲ್ಲಿ ರೈಲು ನಿಧಾನವಾಗಿಯೇ ಹೋಗಬೇಕು, ಅದಕ್ಕೆ ಯಾರನ್ನೂ ದೂರುವುದಿಲ್ಲ. ಆದರೆ ಗುಡ್ಡ ಕುಸಿಯದ ಹಾಗೆ ನೋಡಿಕೊಳ್ಳಬಹುದು. ರಸ್ತೆ ಅಗಲ ಮಾಡುವಾಗ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕತ್ತರಿಸಿ, ಹಾಗೇ ಬಿಟ್ಟು ಹೋಗುವುದು ತಪ್ಪು. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಮಂಗಳೂರಿಗೆ ವಿಮಾನ ಬೇಕು, ಖಂಡಿತ ಬೇಕು. ಪೇಟೆಯಲ್ಲೇ ಕೆಲಸ ಇರುವವರಿಗೆ, ಆಸ್ಪತ್ರೆಗೆ ಓಡುವವರಿಗೆ ಅದು ದೊಡ್ಡ ಅನುಕೂಲ. ಆದರೆ ಸುಳ್ಯ, ಪುತ್ತೂರು, ಬೆಳ್ತಂಗಡಿಯ ನಮಗೆ ಊರು ಹತ್ತಿರವಾಗುವುದು ಘಾಟಿ ಗಟ್ಟಿ ಇದ್ದಾಗ ಮಾತ್ರ. ಹೊಸ ಫ್ಲೈಟ್ ಶುರುವಾದಾಗ ಆಗುವ ಸುದ್ದಿ, ಘಾಟಿಯಲ್ಲಿ ಒಂದು ತಡೆಗೋಡೆ ಕಟ್ಟಿದಾಗಲೂ ಆಗಬೇಕು.

ಅಮ್ಮ ಅವತ್ತು ಕೇಳಿದ್ದು ಒಂದೇ, "ಊಟ ಆಯ್ತಾ?" ಆಗಿರಲಿಲ್ಲ.

ಈ ಶುಕ್ರವಾರ ಮತ್ತೆ ಹೊರಟಿದ್ದೇನೆ. ರಾತ್ರಿ ಬಸ್ಸಿಗೆ ಸೀಟು ಬುಕ್ ಆಗಿದೆ. ಬೆಳಗಿನ ಜಾವ ತಮ್ಮ ಉಪ್ಪಿನಂಗಡಿ ಸ್ಟ್ಯಾಂಡಿಗೆ ಬೈಕ್ ತರುತ್ತಾನೆ.